ಬಿಯರ್ ಇಲ್ಲದ ಇತಿಹಾಸ ಮತ್ತು ನಮ್ಮ ಶಾಲೆಯ ಒಂದು ಕೋಣೆ



ಈಚೆಗೆ ಹಾನಗಲ್ಲಿನಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟವಾದ ಮೇಲೆ ಹೊರಗಿನ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದಾಗ ಹಳೆಯ ವಿದ್ಯಾರ್ಥಿಗಳು ನಾಲ್ಕೈದು ಜನ ಬಂದು ಸುತ್ತ ಕುಳಿತರು. ಅವರಲ್ಲೊಬ್ಬ ಈಗ ಬೆಂಗಳೂರಿನಲ್ಲಿ ಒಳ್ಳೆಯ ಹುದ್ದೆಯಲ್ಲಿದ್ದಾನೆ. ಶಾಲೆಯಲ್ಲಿದ್ದಾಗಲೂ ಚರ್ಚಾಸ್ಪರ್ಧೆಯಲ್ಲಿ ಅವನನ್ನು ಸೋಲಿಸುವವರಿರಲಿಲ್ಲ. ನಗುತ್ತ ಕೇಳಿದ: "ಸರ್, ಹತ್ತು ವರ್ಷ ಇತಿಹಾಸಾ ಓದಿದ್ವಿ, ಖರೇ ಮಾತು ಮಾತ್ರ ನೀವು ಹೇಳಲೇ ಇಲ್ಲ ನೋಡ್ರಿ."

"ಯಾವುದಪಾ ಅದು?" ಎಂದೆ.

"ಬೀರ್ ಇರಲಿಲ್ಲಂದ್ರ ಮನುಷ್ಯಾ ಇನ್ನೂ ಗವಿಯೊಳಗ ಇರ್ತಿದ್ದ ಸರ್. ಒಕ್ಕಲುತನ ಸುರು ಆಗಿದ್ದ ಬೀರಿನ ಸಲುವಾಗಿ. ಪಿರಮಿಡ್ ಕಟ್ಟಿದವರಿಗೆ ಪಗಾರ ಅಂತ ಕೊಟ್ಟಿದ್ದೂ ಬೀರ್. ಬರವಣಿಗಿ ಹುಟ್ಟಿದ್ದೂ ಅದರ ಲೆಕ್ಕಾ ಇಡಾಕ."

ಉಳಿದವರೆಲ್ಲ ನಕ್ಕರು. ನಾನೂ ನಕ್ಕೆ. ಬಸ್ಸಿನ ಹೊತ್ತಾಗಿದ್ದರಿಂದ ಉತ್ತರ ಕೊಡದೆ ಎದ್ದು ಬಂದೆ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಅವನ ಮಾತು ಹೊಸದೆಂದು ಅಲ್ಲ. ಅದೇ ಮಾತನ್ನು ಬೇರೆ ಶಬ್ದಗಳಲ್ಲಿ ಮೂವತ್ತು ವರ್ಷಗಳಷ್ಟು ಹಿಂದೆ ನಾನೇ ಒಂದು ವೇದಿಕೆಯ ಮೇಲೆ ನಿಂತು ಓದಿದ್ದೆ ಎಂಬುದು ನೆನಪಾಗಿ. ಆ ಸಂಗತಿಯನ್ನು ಮುಂದೆ ಹೇಳುತ್ತೇನೆ. ಮೊದಲು ಅವನ ವಾದವನ್ನು ನ್ಯಾಯವಾಗಿ ನೋಡೋಣ. ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಮಂಡಿಸಿದ ಮೇಲೆಯೇ ಖಂಡಿಸಬೇಕೆಂದು ನಿಮಗೆ ಕಲಿಸಿದವನು ನಾನೇ ಅಲ್ಲವೇ?

ಅವನು ಹೇಳಿದ್ದರಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಈಜಿಪ್ಟಿನ ಕೂಲಿಕಾರರಿಗೆ ರೊಟ್ಟಿ ಮತ್ತು ಬಿಯರನ್ನು ಪಡಿಯಾಗಿ ಅಳೆದು ಕೊಡುತ್ತಿದ್ದುದು ನಿಜ. ಸುಮೇರಿಯದ ಪ್ರಾಚೀನ ಮಣ್ಣಿನ ಹಲಗೆಗಳಲ್ಲಿ ಬಾರ್ಲಿಯ ಹಾಗೂ ಬಿಯರಿನ ಲೆಕ್ಕಗಳಿರುವುದೂ ನಿಜ. ಇರಾನಿನ ಗೋದಿನ್ ತೆಪೆ ಎಂಬಲ್ಲಿ ಐದು ಸಾವಿರ ವರ್ಷಗಳಿಗೂ ಹಿಂದಿನ ಮಡಕೆಗಳ ಒಳಮೈಯಲ್ಲಿ ಬಿಯರಿನ ಕರೆ ಸಿಕ್ಕಿದೆ. ಇಸ್ರೇಲಿನ ರಾಕೆಫೆಟ್ ಗವಿಯಲ್ಲಿ ಸುಮಾರು 13,000 ವರ್ಷಗಳ ಹಿಂದೆ ಧಾನ್ಯವನ್ನು ಹುಳಿಯಿಸಿ ಪಾನೀಯ ಮಾಡಿದ ಕುರುಹುಗಳಿವೆ ಎಂದು 2018ರಲ್ಲಿ ಸಂಶೋಧಕರು ಪ್ರಕಟಿಸಿದರು. ಇನ್ನು ವಿಜ್ಞಾನಕ್ಕೆ ಬಂದರೆ, ಲೂಯಿ ಪಾಶ್ಚರ್ 1876ರಲ್ಲಿ ಬಿಯರಿನ ಮೇಲೆ ಒಂದು ಗ್ರಂಥವನ್ನೇ ಬರೆದ. ರಸಾಯನಶಾಸ್ತ್ರದಲ್ಲಿ ನೀವು ಕಲಿತ ಪಿಎಚ್ ಅಳತೆಯನ್ನು 1909ರಲ್ಲಿ ರೂಪಿಸಿದ ಸೋರೆನ್ಸನ್ ಕೆಲಸ ಮಾಡುತ್ತಿದ್ದುದು ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಯವರ ಪ್ರಯೋಗಾಲಯದಲ್ಲಿ. ಸಂಖ್ಯಾಶಾಸ್ತ್ರದಲ್ಲಿ 'ಸ್ಟೂಡೆಂಟ್' ಎಂಬ ಗುಪ್ತನಾಮದಿಂದ 1908ರಲ್ಲಿ ಪ್ರಸಿದ್ಧ ಪರೀಕ್ಷೆಯನ್ನು ಕೊಟ್ಟ ಗಾಸೆಟ್, ಗಿನ್ನೆಸ್ ಬಿಯರ್ ಕಾರ್ಖಾನೆಯ ನೌಕರ. ಇವನ್ನೆಲ್ಲ ನಾನು ಅಲ್ಲಗಳೆಯುವುದಿಲ್ಲ.

ಆದರೆ ಇಷ್ಟರಿಂದ 'ಬಿಯರ್ ಇಲ್ಲದಿದ್ದರೆ ನಾಗರಿಕತೆಯಿಲ್ಲ' ಎಂಬ ಸಿದ್ಧಾಂತ ಹೇಗೆ ಹುಟ್ಟುತ್ತದೆ? ಕೋಳಿ ಕೂಗಿದ್ದರಿಂದಲೇ ಬೆಳಗಾಯಿತೆಂದ ಹಾಗಾಯಿತು.

ಈ ಚರ್ಚೆ ಹೊಸದಲ್ಲ. 1953ರಲ್ಲಿಯೇ ಅಮೆರಿಕೆಯ ಪುರಾತತ್ವಜ್ಞ ರಾಬರ್ಟ್ ಬ್ರೇಡ್‌ವುಡ್, ಮನುಷ್ಯ ಧಾನ್ಯವನ್ನು ಬೆಳೆದದ್ದು ರೊಟ್ಟಿಗಾಗಿಯೋ ಬಿಯರಿಗಾಗಿಯೋ ಎಂದು ವಿದ್ವಾಂಸರ ಮುಂದೆ ಪ್ರಶ್ನೆಯಿಟ್ಟಿದ್ದರು. ಅರೆಹೊಟ್ಟೆಯ, ಅರೆಮತ್ತಿನ ಜನರು ನಾಗರಿಕತೆಗೆ ಅಡಿಪಾಯ ಹಾಕಿದರೆಂದು ನಂಬಬೇಕೇ ಎಂಬರ್ಥದಲ್ಲಿ ಸಸ್ಯವಿಜ್ಞಾನಿ ಪಾಲ್ ಮ್ಯಾಂಗಲ್ಸ್‌ಡಾರ್ಫ್ ಅಂದೇ ಆಕ್ಷೇಪಿಸಿದರು. ಇನ್ನೊಂದು ಸ್ವಾರಸ್ಯ ನೋಡಿರಿ. ರಾಕೆಫೆಟ್ ಗವಿಯ ಸುದ್ದಿ ಬಂದ ಅದೇ 2018ರಲ್ಲಿ ಜೋರ್ಡಾನಿನಲ್ಲಿ 14,400 ವರ್ಷಗಳ ಹಿಂದಿನ ಸುಟ್ಟ ರೊಟ್ಟಿಯ ಚೂರುಗಳು ಸಿಕ್ಕಿದ ಸಂಗತಿಯೂ ಪ್ರಕಟವಾಯಿತು. ಬಿಯರಿನ ಸುದ್ದಿ ನನ್ನ ವಿದ್ಯಾರ್ಥಿಯ ಕಿವಿಗೆ ತಲುಪಿದೆ. ರೊಟ್ಟಿಯ ಸುದ್ದಿ ತಲುಪಲಿಲ್ಲ. ರೊಟ್ಟಿಯ ಗತಿಯೇ ಹೀಗೆ. ದಿನವೂ ತಿನ್ನುವುದನ್ನು ಯಾರೂ ಸುದ್ದಿ ಮಾಡುವುದಿಲ್ಲ.

ದೂರದ ದೇಶಗಳೇಕೆ? ನಮ್ಮ ಮನೆಯ ಹಿತ್ತಿಲಿಗೇ ಬರೋಣ. ನಮ್ಮ ಜಿಲ್ಲೆಯ ತುಂಗಭದ್ರೆಯ ದಂಡೆಯಲ್ಲಿ ಹಳ್ಳೂರು ಎಂಬ ಊರಿದೆ. ಹಿರೇಕೆರೂರು ಸೀಮೆಯವರಿಗೆ ಪರಿಚಿತ. 1965ರಲ್ಲಿ ಎಂ. ಎಸ್. ನಾಗರಾಜರಾಯರು ಅಲ್ಲಿ ಉತ್ಖನನ ನಡೆಸಿ ನವಶಿಲಾಯುಗದ ನೆಲೆಯನ್ನು ಬೆಳಕಿಗೆ ತಂದರು. ಅಲ್ಲಿಯ ಮಣ್ಣಿನಲ್ಲಿ ಸಿಕ್ಕ ಕರಿಕಾದ ಕಾಳುಗಳನ್ನು ಮುಂದೆ ಪರೀಕ್ಷಿಸಿದವರಿಗೆ ಹುರುಳಿ, ಹೆಸರು, ಕೊರಲೆ ಮೊದಲಾದವು ಸಿಕ್ಕವು. ನಮ್ಮ ಪೂರ್ವಜರು ಬೆಳೆದದ್ದು ಬೇಯಿಸಿ ತಿನ್ನುವ ಕಾಳನ್ನು. ಹುರುಳಿಯಿಂದ ಯಾರಾದರೂ ಬಿಯರ್ ಮಾಡಿದ್ದನ್ನು ನೀವು ಕೇಳಿದ್ದೀರಾ? ನಮ್ಮ ಹೊಲಗಳ ನಾಗರಿಕತೆ ಹುರುಳಿಯ ಕಟ್ಟಿನ ಸಾರಿನಿಂದ ಬೆಳೆದದ್ದು.

ಶಿಗ್ಗಾಂವ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು 'ರಾಮಧಾನ್ಯಚರಿತೆ'ಯಲ್ಲಿ ಧಾನ್ಯಗಳ ಜಗಳವನ್ನೇ ಕಾವ್ಯವಾಗಿಸಿದರು. ನೆಲ್ಲು ಮೇಲೋ ರಾಗಿ ಮೇಲೋ ಎಂಬ ವ್ಯಾಜ್ಯ ಶ್ರೀರಾಮನ ಮುಂದೆ ಬಂದಾಗ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾರೆ. ನೆಲ್ಲು ಸೊರಗುತ್ತದೆ, ರಾಗಿ ಗಟ್ಟಿಯಾಗಿ ಉಳಿಯುತ್ತದೆ, ರಾಮನ ಹೆಸರನ್ನೇ ಪಡೆಯುತ್ತದೆ. ಧಾನ್ಯದ ಹಿರಿಮೆಗೆ ಕನಕದಾಸರು ಇಟ್ಟ ಒರೆಗಲ್ಲು ಏನು? ಬರಗಾಲಕ್ಕೆ ಉಳಿಯುತ್ತದೆಯೇ, ಬಡವನ ಹೊಟ್ಟೆಗೆ ಆಗುತ್ತದೆಯೇ ಎಂಬುದು. ನನ್ನ ಮಟ್ಟಿಗೆ ಬಿಯರಿನ ಸಿದ್ಧಾಂತಕ್ಕಿಂತ ಈ ಒರೆಗಲ್ಲೇ ಹೆಚ್ಚು ವೈಜ್ಞಾನಿಕ.

ವಿಜ್ಞಾನದ ವಾದವೂ ಹೀಗೆಯೇ. ಪಾಶ್ಚರ್ ಹುಳಿಯುವಿಕೆಯ ರಹಸ್ಯವನ್ನು ಹುಡುಕಹೊರಟಾಗ 1857ರಲ್ಲಿ ಪ್ರಕಟಿಸಿದ ಮೊದಲ ಪ್ರಬಂಧ ಹಾಲು ಹುಳಿಯಾಗುವ ಕ್ರಿಯೆಯನ್ನು ಕುರಿತದ್ದು. ಹಾಲಿಗೆ ಹೆಪ್ಪು ಹಾಕುವ, ದೋಸೆಯ ಹಿಟ್ಟು ಉಬ್ಬಿಸುವ ಯಾವ ಹೆಣ್ಣುಮಗಳ ಅಡಿಗೆಮನೆಯೂ ಆ ಪ್ರಯೋಗಾಲಯಕ್ಕೆ ಕಡಿಮೆಯದಲ್ಲ. ಮದ್ಯವನ್ನು ನಿಷೇಧಿಸಿದ ಧರ್ಮದ ನೆರಳಿನಲ್ಲಿ, ಒಂಬತ್ತನೆಯ ಶತಮಾನದ ಬಾಗ್ದಾದಿನಲ್ಲಿ, ಅಲ್ ಖ್ವಾರಿಜ್ಮಿ ಬೀಜಗಣಿತವನ್ನು ಬರೆದ. ಬಿಯರ್ ಇಲ್ಲದಿದ್ದರೆ ವಿಜ್ಞಾನ ಇನ್ನೊಂದು ದಾರಿಯಿಂದ ಬರುತ್ತಿತ್ತು, ಅಷ್ಟೆ.

ಇದೆಲ್ಲ ಪಾಂಡಿತ್ಯದ ಮಾತಾಯಿತು. ನನ್ನ ಮುಖ್ಯ ಆಕ್ಷೇಪ ಬೇರೆಯೇ ಇದೆ. ಈ ಸಿದ್ಧಾಂತ ಜಮೆಯ ಪುಟವನ್ನು ಮಾತ್ರ ಓದುತ್ತದೆ, ಖರ್ಚಿನ ಪುಟವನ್ನು ತೆರೆಯುವುದೇ ಇಲ್ಲ. ಬಿಯರ್ ಏನು ಕೊಟ್ಟಿತೆಂದು ಪಟ್ಟಿ ಮಾಡುತ್ತದೆ, ಯಾರಿಂದ ತೆಗೆದುಕೊಂಡಿತೆಂದು ಕೇಳುವುದಿಲ್ಲ. ಸುಮಾರು 3,750 ವರ್ಷಗಳ ಹಿಂದಿನ ಹಮ್ಮುರಾಬಿಯ ಶಾಸನದಲ್ಲಿ, ಅಳತೆಯಲ್ಲಿ ಮೋಸ ಮಾಡುವ ಪಾನಗೃಹದವಳನ್ನು ನೀರಿಗೆ ಎಸೆಯಬೇಕೆಂದು ವಿಧಿಸಿದೆ. ಅಂದರೆ ಅಂದಿಗೇ ಬಡವನ ಧಾನ್ಯ ಪಾನಗೃಹದ ಕಟ್ಟೆಯ ಮೇಲೆ ಕರಗುತ್ತಿತ್ತು.

'ಸರ್, ಬಿಯರ್ ಬೇರೆ, ನಮ್ಮೂರಿನ ಸಾರಾಯಿ ಬೇರೆ' ಎಂದು ನೀವು ಹೇಳಬಹುದು. ಹೌದು, ಬಿಯರ್ ಧಾನ್ಯದ್ದು, ಸೌಮ್ಯವಾದದ್ದು. ಸಾರಾಯಿ ಕಾಕಂಬಿಯಿಂದ ಇಳಿಸಿದ್ದು, ಉಗ್ರವಾದದ್ದು. ಆದರೆ ಇವೆರಡರ ಪರವಾಗಿ ಹೂಡುವ ವಾದ ಒಂದೇ: 'ಇದಿಲ್ಲದಿದ್ದರೆ ಅದೆಲ್ಲ ಎಲ್ಲಿಂದ ಬರುತ್ತಿತ್ತು?' ಆದ್ದರಿಂದ ಆ ಪ್ರಶ್ನೆಯನ್ನೇ ನಮ್ಮ ನಾಲ್ಕು ತಾಲೂಕುಗಳಿಗೆ ಅನ್ವಯಿಸೋಣ. ಸಾರಾಯಿ ಇರದಿದ್ದರೆ ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರುಗಳ ಇತಿಹಾಸ ಹೇಗಿರುತ್ತಿತ್ತು?

ಪಠ್ಯಪುಸ್ತಕದ ಇತಿಹಾಸದಲ್ಲಿ ಒಂದಕ್ಷರವೂ ಬದಲಾಗುತ್ತಿರಲಿಲ್ಲ. ಹಾನಗಲ್ಲಿನ ತಾರಕೇಶ್ವರ ದೇವಾಲಯ ಹಾಗೆಯೇ ನಿಂತಿರುತ್ತಿತ್ತು. ಸವಣೂರಿನ ನವಾಬರು ಬಂದು ಹೋಗುತ್ತಿದ್ದರು. ಅಲ್ಲಿಯ ದೊಡ್ಡಹುಣಸೆ ಮರಗಳು ಹಾಗೆಯೇ ಇರುತ್ತಿದ್ದವು. ಅದೇ ಊರಿನಲ್ಲಿ ಹುಟ್ಟಿದ ವಿ. ಕೃ. ಗೋಕಾಕರಿಗೆ ಜ್ಞಾನಪೀಠ ಬಂದೇ ಬರುತ್ತಿತ್ತು. ಶಿಶುನಾಳದಲ್ಲಿ ಶರೀಫಸಾಹೇಬರು ಹಾಡುತ್ತಲೇ ಇರುತ್ತಿದ್ದರು.

ಬದಲಾಗುತ್ತಿದ್ದುದು ಯಾರೂ ಓದದ ಒಂದು ಇತಿಹಾಸ: ಶಾಲೆಯ ಹಾಜರಿ ಪುಸ್ತಕ. ಕೆಂಪು ಮಸಿಯಲ್ಲಿ 'ಹೆಸರು ಕಡಿಮೆ ಮಾಡಿದೆ' ಎಂದು ಬರೆದು ಗೆರೆ ಎಳೆಯುತ್ತಿದ್ದೆವಲ್ಲ, ಆ ಗೆರೆಗಳು. ನನ್ನ ವೃತ್ತಿಜೀವನದಲ್ಲಿ ಅಂಥ ಗೆರೆಗಳನ್ನು ಬಹಳಷ್ಟು ಎಳೆದಿದ್ದೇನೆ. ಎಲ್ಲಕ್ಕೂ ಸಾರಾಯಿಯೇ ಕಾರಣವೆನ್ನಲಾರೆ. ಬರಗಾಲ, ಸಾಲ, ಬಾಲ್ಯವಿವಾಹ ಎಲ್ಲವೂ ಇದ್ದವು. ಆದರೆ ಯಾವ ಮನೆಗಳಲ್ಲಿ ಬರಗಾಲವಿಲ್ಲದ ವರ್ಷವೂ ಬರಗಾಲವಿರುತ್ತಿತ್ತು ಎಂಬುದು ಊರಿನ ಮೇಷ್ಟರಿಗೆ ತಿಳಿದಿರುತ್ತದೆ.

ಈಗ ಆ ವೇದಿಕೆಯ ಸಂಗತಿಯನ್ನು ಹೇಳಬೇಕು. 1990ರ ದಶಕದ ಆರಂಭ. ಈ ನಾಲ್ಕು ತಾಲೂಕುಗಳಲ್ಲೊಂದರ ಹಳ್ಳಿಯ ಹೈಸ್ಕೂಲಿನಲ್ಲಿದ್ದೆ. ಊರಿನ ಹೆಸರು ಬೇಡ. ಕೋಣೆಗಳು ಸಾಲದೆ ಒಂದು ವರ್ಗವನ್ನು ಗುಡಿಯ ಪೌಳಿಯಲ್ಲಿ ಕೂಡಿಸುತ್ತಿದ್ದೆವು. ಆಗ ಸಾರಾಯಿ ಮಾರಾಟದ ಹಕ್ಕನ್ನು ಸರಕಾರ ಲಿಲಾವು ಮಾಡುತ್ತಿತ್ತು. ಲಿಲಾವು ಹಿಡಿದ ಗುತ್ತಿಗೆದಾರರೇ ಊರೂರಿನ ದೊಡ್ಡ ದಾನಿಗಳು. ಜಾತ್ರೆಗೆ, ಕುಸ್ತಿಗೆ, ನಾಟಕಕ್ಕೆ ಅವರದೇ ವಂತಿಗೆ. ಅಂಥವರೊಬ್ಬರು ನಮ್ಮ ಶಾಲೆಗೆ ಒಂದು ಕೋಣೆ ಕಟ್ಟಿಸಿಕೊಟ್ಟರು. ಉದ್ಘಾಟನೆಯ ದಿನ ಮಾನಪತ್ರ ಬರೆದು ಓದುವ ಕೆಲಸ, ಭಾಷೆ ಚೆನ್ನಾಗಿದೆಯೆಂದು, ನನ್ನ ಪಾಲಿಗೆ ಬಂತು. 'ಇಂಥ ಮಹನೀಯರು ಇಲ್ಲದಿದ್ದರೆ ಈ ಊರಿನ ಮಕ್ಕಳ ವಿದ್ಯೆ ಇಂದಿಗೂ ಗುಡಿಯ ಪೌಳಿಯಲ್ಲಿಯೇ ಇರುತ್ತಿತ್ತು' ಎಂದು ಬರೆದೆ, ಓದಿದೆ. ಭಾರೀ ಚಪ್ಪಾಳೆ ಬಿತ್ತು. ನನಗೂ ಸಂತೋಷವಾಯಿತು.

ಕೆಲವು ತಿಂಗಳ ನಂತರ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಫೀ ತುಂಬುವ ದಿನಗಳು. ಅದೇ ಕೋಣೆಯಲ್ಲಿ ಕೂಡುತ್ತಿದ್ದ ಒಬ್ಬ ಹುಡುಗಿ, ಗಣಿತದಲ್ಲಿ ವರ್ಗಕ್ಕೇ ಮುಂದಿದ್ದವಳು, ವಾರದಿಂದ ಬಂದಿರಲಿಲ್ಲ. ಹೇಳಿಕಳಿಸಿದೆ. ಅವಳ ತಾಯಿ ಹೊಲದಿಂದ ನೇರವಾಗಿ ಬಂದು ಬಾಗಿಲ ಹೊರಗೇ ನಿಂತಳು.

"ಫೀ ರೊಕ್ಕಾ ಕೂಡಿಸಿ ಇಟ್ಟಿದ್ನಿರಿ. ಅವರಪ್ಪ ಅದನ್ನೂ ಅಂಗಡಿಗೆ ಕೊಟ್ಟು ಬಂದ."

ಫೀ ನಾನು ತುಂಬುತ್ತೇನೆ, ಹುಡುಗಿಯನ್ನು ಕಳಿಸು ಎಂದೆ.

"ಫೀ ನೀವು ಕೊಡ್ತೀರಿ. ದಿನಾ ಕೂಲಿ ಯಾರು ಕೊಡ್ತಾರ್ರಿ? ನಾ ಒಬ್ಬಾಕಿ ದುಡದ್ರ ಹಿಟ್ಟಿಗೂ ಸಾಲಂಗಿಲ್ಲ. ಅಕೀನೂ ಕಳೇವಿಗೆ ಹೊಂಟಾಳ." ಆಮೇಲೆ ಕೋಣೆಯನ್ನೊಮ್ಮೆ ನೋಡಿ ಮೆಲ್ಲಗೆ ಅಂದಳು: "ಈ ಖೋಲಿ ನಮ್ಮ ರೊಕ್ಕದಾಗ ಕಟ್ಟ್ಯಾರ್ರಿ ಸರ್. ಇದರಾಗ ನನ್ನ ಮಗಳಿಗೆ ಕುಂದ್ರಾಕ ಜಾಗಾ ಇಲ್ಲ ನೋಡ್ರಿ."

ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಬಿ.ಎಡ್. ಮಾಡಿದ ನನಗೆ ಕಾಣದ ಖರ್ಚಿನ ಪುಟವನ್ನು ಒಂದೇ ಮಾತಿನಲ್ಲಿ ತೆರೆದು ತೋರಿಸಿದಳು. ಹುಡುಗಿ ಬರಲಿಲ್ಲ. ಗೆರೆ ಎಳೆದವನು ನಾನೇ. ಕೋಣೆಯ ಗೋಡೆಯ ಕಲ್ಲಿನಲ್ಲಿ ದಾನಿಯ ಹೆಸರು ಇಂದಿಗೂ ಇದೆ.

ಪಿರಮಿಡ್ಡಿನ ಕೂಲಿಯವನಿಗೆ ಬಿಯರ್ ಕೊಟ್ಟರು ಎಂದು ಕೇಳಿದಾಗ ಈಗ ನನಗೆ ಏಳುವ ಪ್ರಶ್ನೆ ಒಂದೇ: ಅವನ ಮನೆಗೆ ಏನು ಹೋಯಿತು?

ಈ ಪ್ರಶ್ನೆಯನ್ನು ನಮ್ಮ ನಾಡು ಹಿಂದೆ ಕೇಳಿತ್ತು. ಸ್ವಾತಂತ್ರ್ಯ ಹೋರಾಟದಲ್ಲಿ ಕರನಿರಾಕರಣೆಯ ಜೊತೆಗೆ ಹೆಂಡದಂಗಡಿಗಳ ಮುಂದೆ ಪಿಕೆಟಿಂಗ್ ನಡೆದದ್ದು ಸುಮ್ಮನೆ ಅಲ್ಲ. ಪರಕೀಯ ಸರಕಾರ ನಮ್ಮವರ ಚಟದಿಂದ ಬೊಕ್ಕಸ ತುಂಬಿಕೊಳ್ಳುತ್ತಿದೆ ಎಂಬ ಅರಿವಿನಿಂದ. 1939ರಲ್ಲಿ ಚಿತ್ರದುರ್ಗದ ಕಡೆಯ ತುರುವನೂರಿನಲ್ಲಿ ಈಚಲು ಮರಗಳನ್ನು ಕಡಿದು ಎಸ್. ನಿಜಲಿಂಗಪ್ಪನವರು ಜೈಲಿಗೆ ಹೋದರು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಧಾರವಾಡ ಜಿಲ್ಲೆಗೆ, ಸ್ವಾತಂತ್ರ್ಯದ ನಂತರ, 1949ರ ಮುಂಬಯಿ ಪಾನನಿರೋಧ ಕಾಯ್ದೆ ಅನ್ವಯಿಸಿತು. ಸಂವಿಧಾನದ 47ನೆಯ ವಿಧಿಯೂ ಪಾನನಿರೋಧಕ್ಕೆ ಯತ್ನಿಸುವುದು ರಾಜ್ಯದ ಕರ್ತವ್ಯವೆಂದು ಹೇಳುತ್ತದೆ. ಮುಂದೇನಾಯಿತು? ಅದೇ ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ 1965ರ ಅಬಕಾರಿ ಕಾಯ್ದೆ ಬಂತು, 1960ರ ದಶಕ ಮುಗಿಯುವಷ್ಟರಲ್ಲಿ ಪಾನನಿರೋಧ ಹೋಯಿತು. ಕಾರಣ ಸರಳ: ಬೊಕ್ಕಸ ಈಗ ನಮ್ಮದೇ ಆಗಿತ್ತು.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಆ ದಿನ ನಮ್ಮ ಓಣಿಯ ಹೆಣ್ಣುಮಕ್ಕಳು ಮನೆಯಲ್ಲಿ ಹೋಳಿಗೆ ಮಾಡಿದ್ದನ್ನು ನಾನು ಮರೆತಿಲ್ಲ. ಆದರೆ ಪಾಕೀಟು ಹೋಯಿತು, ಅದರ ಜಾಗಕ್ಕೆ ರಟ್ಟಿನ ಪೊಟ್ಟಣದಲ್ಲಿ ಅಗ್ಗದ ವಿಸ್ಕಿ ಬಂತು. 2025–26ರ ರಾಜ್ಯ ಮುಂಗಡಪತ್ರದಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ ಆದಾಯ 40,000 ಕೋಟಿ ರೂಪಾಯಿ. 2023ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯಡಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡಲು ಅದೇ ಮುಂಗಡಪತ್ರದಲ್ಲಿಟ್ಟ ಹಣ ಸುಮಾರು 28,600 ಕೋಟಿ. ಈ ಎರಡು ಅಂಕೆಗಳನ್ನು ಅಕ್ಕಪಕ್ಕ ಬರೆದು ನೋಡಿರಿ. ಹೆಂಡತಿಯ ಕೈಗೆ ಕೊಟ್ಟದ್ದಕ್ಕಿಂತ ಹೆಚ್ಚನ್ನು ಮದ್ಯದಂಗಡಿಯ ದಾರಿಯಿಂದ ವಾಪಸು ಪಡೆಯುವ ವ್ಯವಸ್ಥೆ ಇದು. ಯಾವ ಪಕ್ಷದ ಸರಕಾರ ಬಂದರೂ ಈ ಪುಟ ಬದಲಾಗಿಲ್ಲ. 'ಅಬಕಾರಿ ಆದಾಯ ಇಲ್ಲದಿದ್ದರೆ ಅಭಿವೃದ್ಧಿ ಹೇಗೆ?' ಎಂದು ಕೇಳುವವರೆಲ್ಲ ನಾನು ಅಂದು ಓದಿದ ಮಾನಪತ್ರವನ್ನೇ ಓದುತ್ತಿದ್ದಾರೆ.

ನನ್ನನ್ನು ತಪ್ಪಾಗಿ ತಿಳಿಯಬೇಡಿರಿ. ಕುಡಿಯುವವನನ್ನು ನಾನು ಹೀಗಳೆಯುತ್ತಿಲ್ಲ. ಹನ್ನೆರಡನೆಯ ಶತಮಾನದ ಶರಣರ ನಡುವೆ ಹೆಂಡದ ಮಾರಯ್ಯನಿಗೂ ಸ್ಥಾನವಿತ್ತು. ಸ್ವತಃ ಕುಡಿಯದ ಜಿ. ಪಿ. ರಾಜರತ್ನಂ ಕುಡುಕನ ಬಾಯಿಂದ 'ರತ್ನನ ಪದಗಳ'ನ್ನು ಹಾಡಿಸಿದರು. ಅದನ್ನು ನಿಮಗೆ ನಾನೇ ಓದಿ ಹೇಳಿದ್ದೇನೆ. ಕಾಯ್ದೆಯೊಂದರಿಂದಲೇ ಎಲ್ಲ ಸರಿಹೋಗುತ್ತದೆಂಬ ಭ್ರಮೆಯೂ ನನಗಿಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ವಿಷಮಿಶ್ರಿತ ಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಬಾಗಿಲು ಮುಚ್ಚಿದಾಗ ಕಳ್ಳಭಟ್ಟಿ ಹಿತ್ತಿಲಿನಿಂದ ಬರುತ್ತದೆ.

ಹಾಗಾದರೆ ದಾರಿ? ಖರ್ಚಿನ ಪುಟ ಯಾರ ಕೈಯಲ್ಲಿದೆಯೋ ಅವರನ್ನು ಕೇಳುವುದು. ನೆರೆಯ ಮಹಾರಾಷ್ಟ್ರದಲ್ಲಿ ಊರಿನ ಮಹಿಳೆಯರು ಮತದಾನ ಮಾಡಿ ಅಂಗಡಿಯನ್ನು ಮುಚ್ಚಿಸುವ ಅವಕಾಶವಿದೆ. ನಿಂತ ಬಾಟಲಿ, ಅಡ್ಡಬಿದ್ದ ಬಾಟಲಿ, ಇವೇ ಅಲ್ಲಿಯ ಮತಚಿಹ್ನೆಗಳು. 2019ರ ಜನವರಿಯಲ್ಲಿ ನಮ್ಮ ರಾಜ್ಯದ ಸಾವಿರಾರು ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದು ಹೋಗಿ ಮದ್ಯ ನಿಷೇಧವನ್ನು ಕೇಳಿದರು. ಅಂಗಡಿ ಬೇಕೋ ಬೇಡವೋ ಎಂದು ಹೇಳುವ ಅಧಿಕಾರವನ್ನಾದರೂ ಊರಿನ ಹೆಣ್ಣುಮಕ್ಕಳಿಗೆ ಕೊಡಲು ಏನು ಅಡ್ಡಿ?

ಇನ್ನೊಂದು ಉದಾಹರಣೆಯನ್ನು ಮೇಷ್ಟರಾಗಿ ಹೇಳದೆ ಇರಲಾರೆ. ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯಲ್ಲಿ, 1990ರ ದಶಕದ ಆರಂಭದ ಸಾಕ್ಷರತಾ ಆಂದೋಲನದಲ್ಲಿ, ಅಕ್ಷರ ಕಲಿಯುತ್ತಿದ್ದ ಹೆಂಗಸರು ತಮ್ಮ ವಾಚಕದಲ್ಲಿ ಸಾರಾಯಿಯನ್ನು ಕುರಿತ ಒಂದು ಪಾಠವನ್ನು ಓದಿದರು. ಪಾಠ ಮುಗಿಸಿ ಎದ್ದವರು ಊರಿನ ಸಾರಾಯಿ ಅಂಗಡಿಯನ್ನು ಮುಚ್ಚಿಸಿದರು. ಕಿಡಿ ಜಿಲ್ಲೆಗೆ ಹಬ್ಬಿ, 1993ರಲ್ಲಿ ಆಂಧ್ರದಲ್ಲಿ ಸಾರಾಯಿ ನಿಷೇಧವಾಯಿತು. ಬಿಯರ್ ಬರವಣಿಗೆಯನ್ನು ಹುಟ್ಟಿಸಿತೋ ಇಲ್ಲವೋ, ಬರವಣಿಗೆ ಮಾತ್ರ ಒಂದು ರಾಜ್ಯದ ಸಾರಾಯಿಯನ್ನು ನಿಲ್ಲಿಸಿ ತೋರಿಸಿತು.

ಕೊನೆಯದಾಗಿ, ಕಟ್ಟೆಯ ಮೇಲೆ ಉತ್ತರ ಸಿಗದೆ ಹೋದ ನನ್ನ ವಿದ್ಯಾರ್ಥಿಗೆ ಎರಡು ಮಾತು. ನೀನು ದೊಡ್ಡವನಾಗಿದ್ದೀ, ನಿನ್ನ ಗ್ಲಾಸಿನಲ್ಲಿ ಏನಿರಬೇಕೆಂದು ಹೇಳುವ ಹಕ್ಕು ನನಗಿಲ್ಲ. ಆದರೆ ಇತಿಹಾಸ ಅದರ ಋಣದಲ್ಲಿದೆಯೆಂದು ಮಾತ್ರ ಹೇಳಬೇಡ. ಸುಮೇರಿಯದ ಕಾರಕೂನ ತನ್ನ ಮಣ್ಣಿನ ಹಲಗೆಯಲ್ಲಿ ಕೊಟ್ಟದ್ದನ್ನೂ ಪಡೆದದ್ದನ್ನೂ ಎರಡನ್ನೂ ಬರೆದಿಟ್ಟ; ನಾವು ಅವನಷ್ಟಾದರೂ ಪ್ರಾಮಾಣಿಕರಾಗಬೇಕು. ಮುಂದಿನ ಸಲ ಊರಿಗೆ ಬಂದಾಗ ನಿನ್ನ ತಾಯಿಯ ಹತ್ತಿರ ಕುಳಿತು, ಆ ಕಾಲದಲ್ಲಿ ಓಣಿಯ ಯಾವ ಯಾವ ಮನೆಯಲ್ಲಿ ರಾತ್ರಿ ಒಲೆ ಹೊತ್ತುತ್ತಿರಲಿಲ್ಲ ಎಂದು ಕೇಳು. ನಾನು ನಿನಗೆ ಕಲಿಸದೆ ಬಿಟ್ಟ ಖರೇ ಇತಿಹಾಸ ಅದು.

ನನ್ನ ಮಾತಿನಲ್ಲಿ ತಪ್ಪು ಕಂಡರೆ ಸಂಕೋಚವಿಲ್ಲದೆ ತಿದ್ದಿರಿ. ತಿದ್ದಿಸಿಕೊಳ್ಳುವ ಪಾಠವನ್ನು ನಾನು ಕಲಿತದ್ದೂ ಒಬ್ಬ ಓದುಬಾರದ ತಾಯಿಯಿಂದಲೇ.

ಎಲ್ಲರಿಗೂ ಶುಭವಾಗಲಿ.